ಸೊನ್ನೆಯ ಶೆಡ್ಡು

ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಸುಖವಾಗಿದ್ದದ್ದು ಒಂದು ಕೈಗಾಡಿ. ನಾಲ್ಕು ಗಾಲಿ, ಆಳುದ್ದದ ಹಿಡಿ, ಮೈತುಂಬ ಹಳದಿ ಬಣ್ಣ. ಬಂದ ದಿನ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಒಂಬತ್ತು ವರ್ಷದಲ್ಲಿ ಯಾರೂ ಬಿಚ್ಚಿರಲಿಲ್ಲ. ವಾರಕ್ಕೊಮ್ಮೆ ಆ ಪ್ಲಾಸ್ಟಿಕ್ಕಿನ ಧೂಳು ಒರೆಸಬೇಕು. ಒರೆಸುವ ಕೆಲಸ ಕ್ರೇನಕ್ಕನದು. ಗಾಡಿ ಹೊರಬೇಕಾಗಿದ್ದ ಪೆಟ್ಟಿಗೆಗಳನ್ನು ಹೊರುವ ಕೆಲಸವೂ ಕ್ರೇನಕ್ಕನದೇ.

"ನಾನು ಇದಕ್ಕೆ ವಾರವಾರ ಮೈ ಒರೆಸ್ತೀನಿ. ಇದು ನನಗೇನು ಮಾಡುತ್ತೆ?" ಎಂದು ಅವಳು ಒಮ್ಮೆ ಕೇಳಿದ್ದಳು.

"ನಿನ್ನ ನೋಡಿ ನಗುತ್ತೆ," ಎಂದಿದ್ದ ಗೊಣಗಪ್ಪ.

ಗೊಣಗಪ್ಪ ಹನ್ನೊಂದು ಜನ ಹಮಾಲರಲ್ಲಿ ಹಿರಿಯ. ಕೂತರೆ ಗೊಣಗುತ್ತಾನೆ, ನಿಂತರೆ ಗೊಣಗುತ್ತಾನೆ, ಭಾರ ಎತ್ತಿದಾಗ ಮಾತ್ರ ಬಾಯಿ ಮುಚ್ಚುತ್ತಾನೆ. ಕ್ರೇನಕ್ಕನಿಗೆ ಆ ಹೆಸರಿಟ್ಟವನೂ ಅವನೇ. ಅವಳು ಕೆಲಸಕ್ಕೆ ಬಂದ ಮೊದಲ ದಿನ ಇಬ್ಬರು ಗಂಡಸರು ಬಗ್ಗಿ ನೋಡಿ ಬಿಟ್ಟಿದ್ದ ಮರದ ಪೆಟ್ಟಿಗೆಯನ್ನು ಒಂದೇ ಜಗ್ಗಿಗೆ ಸೊಂಟಕ್ಕೇರಿಸಿದ್ದಳು. ಅವತ್ತಿನಿಂದ ಅವಳು ಕ್ರೇನಕ್ಕ. ಕ್ರೇನಿಗೆ ವರ್ಷಕ್ಕೆರಡು ಸಲ ಎಣ್ಣೆ ಬಿಡುತ್ತಾರೆ. ಇವಳಿಗೆ ಅದೂ ಇರಲಿಲ್ಲ.

ವಿಮಾನ ನಿಲ್ದಾಣದ ಹಿಂಬದಿಯಲ್ಲಿ, ಸಾಮಾನು ಇಳಿಸುವ ಕಡೆ ಇತ್ತು ಆ ಶೆಡ್ಡು. ತಗಡಿನ ಛಾವಣಿ, ಸಿಮೆಂಟಿನ ನೆಲ, ಎರಡು ದೊಡ್ಡ ಬಾಗಿಲು. ಒಂದು ಬಾಗಿಲಿಂದ ಸರಕು ಒಳಗೆ ಬರುತ್ತದೆ, ಇನ್ನೊಂದರಿಂದ ಲಾರಿ ಹತ್ತುತ್ತದೆ. ಮಂಗಳವಾರ ಮತ್ತು ಶುಕ್ರವಾರ ಫ್ಯಾನ್ ಪೆಟ್ಟಿಗೆಗಳು ಬರುತ್ತಿದ್ದವು. ಹಳದಿ ಚೀಟಿಯ ಮೇಲೆ ಮೂರು ರೆಕ್ಕೆಯ ಕಪ್ಪು ಗುರುತು. ನೋಡಿದರೆ ಥೇಟು ಫ್ಯಾನಿನ ಹಾಗೆ. ಒಳಗಿರುವುದು ಸ್ಕ್ಯಾನಿಗೆ ಬಳಸುವ, ವಿಕಿರಣ ಸೂಸುವ ಆಸ್ಪತ್ರೆಯ ಔಷಧಿ, ಯಾವುದೋ ದೇಶದಲ್ಲಿ ತಯಾರಾಗಿ ಇಲ್ಲಿಗೆ ಹಾರಿ ಬರುವಂಥದ್ದು. ಔಷಧಿ ಚಮಚದಷ್ಟು. ಅದರ ಕಿರಣ ಹೊರಗೆ ಬಾರದ ಹಾಗೆ ಸುತ್ತಲೂ ಸೀಸ. ಪೆಟ್ಟಿಗೆ ಅಡುಗೆಮನೆಯ ಡಬ್ಬದಷ್ಟೇ ಇದ್ದರೂ ಎತ್ತಲು ಹೋದರೆ ಮೂವತ್ತು ಕಿಲೋ. ಹಿಡಿಯಲು ಕಿವಿಯಿಲ್ಲ. ಎದೆಗೆ ಅವಚಿಕೊಂಡು, ಹೊಟ್ಟೆಯ ಮೇಲೆ ಕೂರಿಸಿಕೊಂಡು, ಹಿಂದಕ್ಕೆ ಬಾಗಿ ನಡೆಯಬೇಕು. ಅದಕ್ಕೇ ಹಮಾಲರು ಅದನ್ನು ಕೂಸು ಎನ್ನುತ್ತಿದ್ದರು. "ಇವತ್ತು ಎಷ್ಟು ಕೂಸು?" "ಹದಿನೈದು." "ಯಾವ ಮಹಾತಾಯಿ ಹೆತ್ತಳಪ್ಪ ಇಷ್ಟು!"

ಕೂಸು ಎತ್ತಿ ಎತ್ತಿ ಕ್ರೇನಕ್ಕನ ಪಕ್ಕೆಲುಬಿನ ಕೆಳಗೆ ಎರಡು ಕಪ್ಪು ಗೆರೆ ಮೂಡಿದ್ದವು. ಡಬ್ಬದ ಅಂಚು ಒತ್ತಿದ ಜಾಗ.

ಗಾಡಿ ಯಾಕೆ ಬಳಸುವುದಿಲ್ಲ ಎಂದು ಕೇಳಿದರೆ ಮೇಸ್ತ್ರಿಯ ಬಳಿ ಉತ್ತರ ಸಿದ್ಧವಿತ್ತು. ಮೇಸ್ತ್ರಿ ಎಂದರೆ ಗುತ್ತಿಗೆದಾರನ ಬಂಟ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ.

"ಗಾಡಿಗೆ ಏರಿಸಿ, ಪಟ್ಟಿ ಕಟ್ಟಿ, ಎಳೆದು, ಪಟ್ಟಿ ಬಿಚ್ಚಿ, ಇಳಿಸಿ... ಮುಗಿಯುತ್ತಾ ಅದು? ವಿಮಾನ ಇಳಿದ ನಲವತ್ತು ನಿಮಿಷಕ್ಕೆ ಲಾರಿ ಹೊರಡಬೇಕು. ನಿಮಗೆ ಕೈಕಾಲು ಯಾಕೆ ಕೊಟ್ಟಿರೋದು? ಮತ್ತೆ, ಗಾಡಿಗೆ ಗೀರು ಬಿದ್ರೆ ಯಾರಪ್ಪ ಜವಾಬ್ದಾರಿ?"

ಮನುಷ್ಯರ ಮೇಲೆ ಗೀರು ಬಿದ್ದರೆ ಯಾರು ಜವಾಬ್ದಾರಿ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರ ಕೈ ಕೂಸಿನ ಕೆಳಗಿತ್ತು.

ಫ್ಯಾನ್ ಪೆಟ್ಟಿಗೆ ಇಡುವ ಮೂಲೆಯ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಗೆರೆಯ ಒಳಗೆ ಯಾರೂ ಸುಮ್ಮನೆ ನಿಲ್ಲಬಾರದು ಎಂದು ನಿಯಮ. ಗುಮಾಸ್ತರು ಗೆರೆಯ ಆಚೆಯಿಂದ ಚೀಟಿ ಓದುತ್ತಿದ್ದರು. ಮೇಸ್ತ್ರಿ ಗೆರೆಯ ಆಚೆಯಿಂದ ಬೈಯುತ್ತಿದ್ದ. ಗೆರೆ ದಾಟುವವರು ಹನ್ನೊಂದು ಜನ ಮಾತ್ರ. ಅವರು ನಡೆದ ಕಡೆಯಲ್ಲೇ ಬಣ್ಣ ಸವೆದು ಸಿಮೆಂಟು ಕಾಣುತ್ತಿತ್ತು. ವರ್ಷಕ್ಕೊಮ್ಮೆ ಅದನ್ನು ಮತ್ತೆ ಬಳಿಯಬೇಕು. ಯಾರು ಬಳಿಯಬೇಕು ಎಂದು ಮತ್ತೆ ಹೇಳಬೇಕಾಗಿಲ್ಲ.

ಗೇಟಿನ ಪಕ್ಕದಲ್ಲಿ ಒಂದು ಬೋರ್ಡು. "ಈ ಶೆಡ್ಡಿನಲ್ಲಿ ಸಿಬ್ಬಂದಿಗೆ ತಗುಲಿದ ಕಿರಣದ ಪ್ರಮಾಣ: 0." ಆ ಸೊನ್ನೆ ತಟ್ಟೆಯಷ್ಟು ದೊಡ್ಡದು. ಅದನ್ನು ಬರೆಸಿದವನು ಸುರಕ್ಷತೆಯ ಅಧಿಕಾರಿ. ಹಮಾಲರ ಬಾಯಲ್ಲಿ ಸೊನ್ನೆ ಸಾಹೇಬ. ಅವನ ಕೋಣೆಯ ಕಪಾಟಿನ ಮೇಲೆ ಒಂಬತ್ತು ವರ್ಷದ ಒಂಬತ್ತು ಬಹುಮಾನದ ಕಪ್ಪುಗಳಿದ್ದವು. ಕಪಾಟಿನ ಒಳಗೆ ಹನ್ನೊಂದು ಬ್ಯಾಡ್ಜುಗಳಿದ್ದವು.

ಬೆಂಕಿಪೊಟ್ಟಣದಷ್ಟು ಗಾತ್ರದ, ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜುಗಳು. ಒಬ್ಬೊಬ್ಬ ಹಮಾಲನಿಗೆ ಒಂದೊಂದು. ಹನ್ನೊಂದು ಗೂಟ, ಹನ್ನೊಂದು ನಂಬರು. ಮೂರು ತಿಂಗಳಿಗೊಮ್ಮೆ ಅವನ್ನು ಪೊಟ್ಟಣ ಕಟ್ಟಿ ದೂರದ ಪ್ರಯೋಗಾಲಯಕ್ಕೆ ಕಳಿಸಿ, ಬದಲಿಗೆ ಹೊಸ ಹನ್ನೊಂದನ್ನು ಅದೇ ಗೂಟಗಳಿಗೆ ನೇತು ಹಾಕುತ್ತಿದ್ದರು. ಹಳೆಯವು ಹೊರಡುವ ಮುಂಚೆ ಕ್ರೇನಕ್ಕ ಅವನ್ನೂ ಒರೆಸುತ್ತಿದ್ದಳು, ಕೈ ಚಾಚಿ, ಮೈಗೆ ತಾಗದ ಹಾಗೆ.

ಅವನ್ನು ಯಾಕೆ ಹಾಕಿಕೊಳ್ಳಬಾರದು ಎಂದು ಮೇಸ್ತ್ರಿ ಮೊದಲ ವಾರವೇ ಪಾಠ ಮಾಡಿದ್ದ. "ಇದು ಕಿರಣ ಎಳೆಯೋ ಯಂತ್ರ. ಸಿಡಿಲನ್ನ ಕಂಬಿ ಎಳ್ಕೊಳ್ಳುತ್ತಲ್ಲ, ಹಾಗೆ. ಇದು ಕಪಾಟಲ್ಲಿದ್ರೆ ಕಿರಣ ಎಲ್ಲ ಕಪಾಟಿಗೆ ಹೋಗುತ್ತೆ. ಮೈಮೇಲೆ ಹಾಕ್ಕೊಂಡ್ರೆ ನಿನ್ನ ಮೈಗೇ ಬರುತ್ತೆ. ಹಾಕ್ಕೊಳ್ತೀಯಾ?"

ಯಾರು ಹಾಕಿಕೊಳ್ಳುತ್ತಾರೆ? ಗೊಣಗಪ್ಪನಂತೂ ಆ ಕೋಣೆಯ ಮುಂದೆ ಹಾಯುವಾಗ ಎರಡು ಹೆಜ್ಜೆ ದೂರದಿಂದಲೇ ಹೋಗುತ್ತಿದ್ದ. ಕಪಾಟಿನಲ್ಲಿ ಒಂಬತ್ತು ವರ್ಷದ ಕಿರಣ ತುಂಬಿಕೊಂಡಿದೆ, ಒಂದು ದಿನ ಸೊನ್ನೆ ಸಾಹೇಬ ಕದ ತೆಗೆದ ಕೂಡಲೇ ಭಗ್ ಎನ್ನುತ್ತದೆ ಎಂದು ಅವನ ಲೆಕ್ಕಾಚಾರ. ಪಾಪ, ಸಾಹೇಬರು ನಮಗೋಸ್ಕರ ಎಂಥ ಅಪಾಯದ ಪಕ್ಕದಲ್ಲಿ ಕೂತಿದ್ದಾರೆ ಎಂದು ಅವನು ಒಮ್ಮೊಮ್ಮೆ ಮರುಗುವುದೂ ಇತ್ತು.

ಸಣ್ಣಿಯನ್ನು ಆ ಶೆಡ್ಡಿಗೆ ಕರೆತಂದವಳು ಕ್ರೇನಕ್ಕನೇ. ಸಣ್ಣಿ ಅವಳ ಗಂಡನ ತಂಗಿ. ಮದುವೆಯಾಗಿ ಎರಡು ವರ್ಷ, ಗಂಡನಿಗೆ ನೆಟ್ಟಗೆ ಕೆಲಸವಿಲ್ಲ. "ನಮ್ಮಲ್ಲಿಗೆ ಬಾರೇ, ನೆರಳಲ್ಲಿ ಕೆಲಸ," ಎಂದು ಅತ್ತಿಗೆಯೇ ಕೈಹಿಡಿದು ತಂದಳು. ಹೋದ ವರ್ಷ ನಾಲ್ಕನೇ ತಿಂಗಳಲ್ಲಿ ಸಣ್ಣಿಯ ಬಸಿರು ಇಳಿಯಿತು. ಬೆಳಿಗ್ಗೆ ಎರಡು ಕೂಸು ಎತ್ತಿದ್ದಳು. ಮೂರನೆಯದಕ್ಕೆ ಬಗ್ಗಿದವಳು ಗೋಡೆ ಹಿಡಿದುಕೊಂಡಳು. ಭಾರಕ್ಕೆ ಆಯಿತೋ, ಕಿರಣಕ್ಕೆ ಆಯಿತೋ, ಇನ್ಯಾವುದಕ್ಕೋ, ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯವರು ಕೇಳಿದರು, ಎಷ್ಟು ತಗುಲಿದೆ? ಶೆಡ್ಡಿನಿಂದ ಚೀಟಿ ಹೋಯಿತು: ಸೊನ್ನೆ.

ಇದಾದ ಕೆಲವು ತಿಂಗಳಿಗೆ ಕ್ರೇನಕ್ಕನ ಮಗಳಿಗೆ ಒಂದು ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಅವಳ ಬಿಳಿ ಕೋಟು ಒಗೆಯಲು ನೆನೆಹಾಕುವಾಗ ಎದೆಯ ಜೇಬಿನಿಂದ ಏನೋ ಜಾರಿ ಬಕೆಟ್ಟಿಗೆ ಬಿತ್ತು. ಕ್ರೇನಕ್ಕ ಹಾವು ಕಂಡವಳಂತೆ ಹಾರಿದಳು.

"ಎಸಿಯೇ ಅದನ್ನ! ಕಿರಣ ಎಳೆಯುತ್ತೆ!"

ಮಗಳು ಓಡಿ ಬಂದು ಬ್ಯಾಡ್ಜು ಎತ್ತಿ, ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. "ಅಯ್ಯೋ, ಮರೆತು ಮನೆಗೇ ತಂದುಬಿಟ್ಟಿದೀನಿ. ನಮ್ಮ ಸಿಸ್ಟರ್ ನನ್ನ ಚರ್ಮ ಸುಲಿತಾರೆ. ಏನಂದೆ ನೀನು? ಎಳೆಯುತ್ತಾ?" ಅವಳಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಇದೇನು ಅಯಸ್ಕಾಂತನಾ? ಎಷ್ಟು ಬಿತ್ತು ಅಂತ ನೆನಪಿಟ್ಟುಕೊಳ್ಳುತ್ತೆ, ಅಷ್ಟೇ. ನಿಂದೂ ಇದೆಯಲ್ಲ? ಎಲ್ಲಿ ಹಾಕ್ಕೊಳ್ತೀಯ?"

"ನಮ್ಮದು ಕಪಾಟಲ್ಲಿ ಭದ್ರವಾಗಿದೆ."

ಮಗಳ ನಗು ಅಲ್ಲೇ ನಿಂತಿತು. "ಎಷ್ಟು ವರ್ಷದಿಂದ?"

"ಮೊದಲಿಂದ."

ಕ್ರೇನಕ್ಕ ಒಗೆಯುವ ಕಲ್ಲಿನ ಮೇಲೆ ಕೂತು ಮಗಳ ಬ್ಯಾಡ್ಜನ್ನು ಕೈಗೆ ತೆಗೆದುಕೊಂಡಳು.

"ಹಾಗಿದ್ರೆ ನಮ್ಮ ಬ್ಯಾಡ್ಜಿಗೆ ಕಪಾಟು ಮಾತ್ರ ನೆನಪಿದೆ," ಎಂದಳು ಕ್ರೇನಕ್ಕ. ಆಮೇಲೆ ಕೇಳಿದಳು: "ನಿಮ್ಮಲ್ಲಿ ಯಾರಾದ್ರೂ ಬಸುರಿ ಆದ್ರೆ?"

"ಹೇಳಿದ ದಿನವೇ ಬೇರೆ ಕಡೆ ಹಾಕ್ತಾರಮ್ಮ. ಅದು ರೂಲು." ಮಗಳು ತಲೆ ತಗ್ಗಿಸಿದಳು. ಅವಳಿಗೂ ಸಣ್ಣತ್ತೆಯ ನೆನಪಾಗಿತ್ತು.

ಸೊನ್ನೆ ಸಾಹೇಬನ ಕೋಣೆ ಗುಡಿಸುವುದು ಕ್ರೇನಕ್ಕನ ಕೆಲಸ ಎಂದು ಬೇರೆ ಹೇಳಬೇಕೇ? ಕಪಾಟಿನ ಬೀಗದ ಕೈ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿತ್ತು. ಹೊಸ ಬ್ಯಾಡ್ಜುಗಳು ಬಂದ ಮಾರನೆಯ ಬೆಳಿಗ್ಗೆ ಏಳನೇ ಗೂಟದಿಂದ ತನ್ನದನ್ನು ತೆಗೆದುಕೊಂಡಳು. ಅದನ್ನು ಕದ್ದದ್ದು ಎನ್ನುವಂತಿಲ್ಲ, ಅದು ಅವಳದೇ. ಮಗಳು ಹೇಳಿಕೊಟ್ಟ ಹಾಗೆ ಅಂಗಿಯ ಒಳಗೆ ಎದೆಯ ನಡುವೆ ಸಿಕ್ಕಿಸಿದಳು. ಕೆಲಸ ಮುಗಿದ ಮೇಲೆ ಶೆಡ್ಡಿನಲ್ಲೇ, ದೂರದ ಮೂಲೆಯ ತನ್ನ ತಗಡಿನ ಡಬ್ಬಿಯಲ್ಲಿ ಇಟ್ಟು ಹೋಗುತ್ತಿದ್ದಳು. ಮೂರು ತಿಂಗಳು ಏಳನೇ ಗೂಟ ಖಾಲಿ ಇತ್ತು. ಯಾರೂ ಗಮನಿಸಲಿಲ್ಲ. ಆ ಕಪಾಟಿನಲ್ಲಿ ಗಮನಿಸುವಂಥದ್ದು ಏನೂ ಇಲ್ಲ ಎಂಬುದು ಅದರ ಯಜಮಾನನಿಗೇ ಚೆನ್ನಾಗಿ ಗೊತ್ತಿತ್ತು.

ಮೂರು ತಿಂಗಳಲ್ಲಿ ಅವಳು ನೂರು ಚಿಲ್ಲರೆ ಕೂಸು ಎತ್ತಿದಳು. ಒಂದೊಂದು ಎತ್ತುವಾಗಲೂ ಎದೆಯ ಹತ್ತಿರ ಆ ಪುಟ್ಟ ವಸ್ತು ಒತ್ತುತ್ತಿತ್ತು. ನೋಡ್ಕೋ, ಎಂದು ಅವಳು ಮನಸ್ಸಿನಲ್ಲೇ ಅದಕ್ಕೆ ಹೇಳುತ್ತಿದ್ದಳು. ಸರಿಯಾಗಿ ನೋಡ್ಕೋ. ನಿನ್ನ ಅಣ್ಣತಮ್ಮಂದಿರೆಲ್ಲ ಕಪಾಟಲ್ಲಿ ನಿದ್ದೆ ಹೊಡೀತಿದ್ದಾರೆ. ನೀನೊಬ್ಬನಾದರೂ ಎಚ್ಚರವಾಗಿರು.

ಕಳಿಸುವ ಹಿಂದಿನ ದಿನ ಅದನ್ನು ಗೂಟಕ್ಕೆ ಹಾಕಿದಳು. ಆ ಸಲ ಒರೆಸಲಿಲ್ಲ.

ವರದಿ ಬಂದ ವಾರವೇ ಸಣ್ಣಿ ಅತ್ತಿಗೆಯ ಕಿವಿಯಲ್ಲಿ ಪಿಸುಗುಟ್ಟಿದಳು. ಎರಡು ತಿಂಗಳು. ಕ್ರೇನಕ್ಕ ಅವಳ ಕೆನ್ನೆ ಸವರಿದಳೋ ಇಲ್ಲವೋ, ಮೇಸ್ತ್ರಿ ಕೂಗಿದ: "ಏ ಕ್ರೇನಕ್ಕ, ಸಾಹೇಬ್ರು ಕರೀತಿದ್ದಾರೆ."

ಸೊನ್ನೆ ಸಾಹೇಬನ ಮೇಜಿನ ಮೇಲೆ ಒಂದು ಹಾಳೆ. ಹತ್ತು ಸೊನ್ನೆ. ಏಳನೆಯ ಸಾಲಿನಲ್ಲಿ ಮೂರು ಪಾಯಿಂಟ್ ಎಂಟು.

"ಏನಮ್ಮ ಇದು? ಬ್ಯಾಡ್ಜನ್ನ ಪೆಟ್ಟಿಗೆ ಮೇಲೆ ಬಿಟ್ಟಿದ್ದೆಯಾ?"

"ಬ್ಯಾಡ್ಜನ್ನಲ್ಲ ಸರ್. ನನ್ನನ್ನ ಬಿಟ್ಟಿದ್ರಿ."

ಸೊನ್ನೆ ಸಾಹೇಬ ಕೆಟ್ಟ ಮನುಷ್ಯನೇನಲ್ಲ. ಎಂದೂ ದನಿ ಎತ್ತಿದವನಲ್ಲ. ಅವತ್ತೂ ಎತ್ತಲಿಲ್ಲ. "ನೋಡು, ಇದು ಹೆದರೋ ಅಂಥದ್ದಲ್ಲ. ಮಿತಿಯೊಳಗೇ ಇದೆ."

"ಹಾಗಿದ್ರೆ ಗೇಟಿನ ಬೋರ್ಡಲ್ಲಿ ಬರೀರಿ."

"ಅದು ಹಾಗಲ್ಲಮ್ಮ. ಮೂವತ್ತಾರು ಸಲ ಸೊನ್ನೆ ಬಂದಿದೆ. ಮೂವತ್ತೇಳನೇ ಸಲ ಇದು ಬಂದ್ರೆ ಆ ಮೂವತ್ತಾರು ಏನಾಗುತ್ತೆ, ಯೋಚನೆ ಮಾಡು."

"ಸುಳ್ಳಾಗುತ್ತೆ," ಎಂದಳು ಕ್ರೇನಕ್ಕ. ಯೋಚನೆ ಮಾಡಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅವನು ಇನ್ನೊಂದು ಹಾಳೆ ಮುಂದೆ ತಳ್ಳಿದ. ಟೈಪು ಮಾಡಿಯೇ ಇಟ್ಟಿದ್ದ. ನನ್ನ ಅಜಾಗರೂಕತೆಯಿಂದ ಬ್ಯಾಡ್ಜು ಪೆಟ್ಟಿಗೆಯ ಮೇಲೆ ಉಳಿದಿತ್ತು, ನನ್ನ ಮೈಗೆ ಯಾವ ಕಿರಣವೂ ತಗುಲಿಲ್ಲ, ಇತಿ. ಕೆಳಗೆ ಸಹಿಗೆ ಚುಕ್ಕಿ ಚುಕ್ಕಿ ಗೆರೆ.

"ಮಂಗಳವಾರ ಹನ್ನೆರಡು ದೇಶದವರು ಬರ್ತಿದ್ದಾರೆ. ಸುರಕ್ಷಿತ ಸಾಗಣೆ ನೋಡೋದಕ್ಕೆ. ಅಷ್ಟರೊಳಗೆ ಸಹಿ ಹಾಕಿ ಕೊಡು."

"ಸಣ್ಣಿನ ಬೇರೆ ಕೆಲಸಕ್ಕೆ ಹಾಕಿ ಸರ್. ಬಸುರಿ. ಹಾಕಿ, ನಾನು ಸಹಿ ಮಾಡ್ತೀನಿ."

ನಿಜವಾಗಿ ಮಾಡುತ್ತಿದ್ದಳು. ಆ ಕ್ಷಣದಲ್ಲಿ ಅವಳ ಕೈ ಪೆನ್ನಿನ ಕಡೆಗೇ ಇತ್ತು. ಆದರೆ ಸೊನ್ನೆ ಸಾಹೇಬ ತನ್ನ ನಿಯಮಕ್ಕೆ ನಿಷ್ಠನಾದವನು.

"ಅದೇ ಆಗಲ್ಲ. ಸೊನ್ನೆ ಇರೋ ಕಡೆ ಬಸುರಿ ಇರಬಹುದು, ರೂಲ್ಸ್ ಪ್ರಕಾರ. ಅವಳನ್ನ ತೆಗೆದ್ರೆ ಇಲ್ಲಿ ಏನೋ ಇದೆ ಅಂತ ನಾವೇ ಒಪ್ಪಿಕೊಂಡ ಹಾಗೆ."

"ಬಸುರಿಯಾದ್ರೆ ಮನೇಲಿ ಕೂತ್ಕೊಳ್ಳಲಿ," ಎಂದ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ. "ಗೇಟಿನ ಹೊರಗೆ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ? ಹೊಟ್ಟೆ ಖಾಲಿ ಇರೋರೇ ಬೇಕಾದಷ್ಟಿದ್ದಾರೆ."

ಕ್ರೇನಕ್ಕ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡಳು. "ಓದಿ ಕೊಡ್ತೀನಿ," ಎಂದಳು.

ಮಂಗಳವಾರ ಶೆಡ್ಡು ಗುರುತೇ ಸಿಗದ ಹಾಗಾಯಿತು. ಕುರ್ಚಿ ಬಂದವು. ಹೂಕುಂಡ ಬಂದವು. ಬಾಗಿಲಿಗೆ ಬ್ಯಾನರು: "ಸುರಕ್ಷಿತ ಸಾಗಣೆ, ಎಲ್ಲರ ಹೊಣೆ." ಹಮಾಲರಿಗೆ ಕಿತ್ತಳೆ ಬಣ್ಣದ ಹೊಸ ಅಂಗಿ ಕೊಟ್ಟರು. ಮೇಸ್ತ್ರಿ ಕಪಾಟು ತೆಗೆದು ಒಬ್ಬೊಬ್ಬರ ಎದೆಗೆ ತಾನೇ ಬ್ಯಾಡ್ಜು ಸಿಕ್ಕಿಸಿದ. ಕಪಾಟು ಭಗ್ ಎನ್ನಲಿಲ್ಲ. ಗೊಣಗಪ್ಪ ಮಾತ್ರ ಕಣ್ಣು ಮುಚ್ಚಿಕೊಂಡೇ ನಿಂತಿದ್ದ.

"ಏನೂ ಆಗಲ್ಲ ಮಾವ," ಎಂದಳು ಕ್ರೇನಕ್ಕ. "ಅದು ಎಳೆಯೋ ಯಂತ್ರ ಅಲ್ಲ. ಸಾಕ್ಷಿ."

"ಸಂಜೆ ವಾಪಸ್ ಕೊಡಬೇಕು, ನೆನಪಿರಲಿ," ಎಂದ ಮೇಸ್ತ್ರಿ.

ಅತಿಥಿಗಳು ಬಂದು ಗೆರೆಯಿಂದ ಬಹಳ ಆಚೆ ಕೂತರು. ಕನ್ನಡಕದ ಒಬ್ಬ ಬಿಳಿಕೂದಲ ಹೆಂಗಸು ಅವರ ಮುಖಂಡೆ. ಅವಳು ತನ್ನ ಭಾಷೆಯಲ್ಲಿ ಮಾತಾಡಿದಳು. ದುಭಾಷಿ ಹುಡುಗಿಯೊಬ್ಬಳು ಅದನ್ನು ಮೈಕಿನಲ್ಲಿ ಪಠ್ಯಪುಸ್ತಕದ ಭಾಷೆಯಲ್ಲಿ ಹೇಳಿದಳು. ಈ ಔಷಧಿಯ ಶಕ್ತಿ ಎರಡೂ ಮುಕ್ಕಾಲು ದಿನಕ್ಕೆ ಅರ್ಧವಾಗುತ್ತದೆ. ದಾರಿಯಲ್ಲಿ ಕಳೆದ ಒಂದೊಂದು ಗಂಟೆಯೂ ರೋಗಿಯ ಪಾಲಿನದು. ಹೀಗಿದ್ದರೂ ಕೆಲವು ವಿಮಾನದ ಪೈಲಟ್ಟುಗಳು, ಹಡಗಿನ ಕ್ಯಾಪ್ಟನ್ನುಗಳು, ಬಂದರುಗಳು ಇದನ್ನು ಸಾಗಿಸಲು ಒಪ್ಪುವುದಿಲ್ಲ. ಇದು ಜಗತ್ತಿನ ದೊಡ್ಡ ಸಮಸ್ಯೆ. ಆದ್ದರಿಂದ ನಾವು ಒಂದು ನಮೂನೆಯನ್ನು ಸಿದ್ಧಪಡಿಸಿದ್ದೇವೆ. ಯಾರೇ ನಿರಾಕರಿಸಿದರೂ ಅವರು ಯಾರು, ಕಾರಣವೇನು ಎಂದು ಅದರಲ್ಲಿ ಬರೆದು ಎಲ್ಲ ದೇಶಗಳಿಗೂ ಕಳಿಸುತ್ತೇವೆ. ನಿರಾಕರಿಸಿದವರನ್ನು ಗದರಿಸಬಾರದು. ಅವರ ಭಯವನ್ನು ಆಲಿಸಬೇಕು.

ಗೊಣಗಪ್ಪ ಬಾಯಿ ಕ್ರೇನಕ್ಕನ ಕಿವಿಗೆ ತಂದ. "ಕೇಳಿದ್ಯಾ? ಕ್ಯಾಪ್ಟನ್ ಬೇಡ ಅಂದ್ರೆ ಅದಕ್ಕೊಂದು ಫಾರಂ. ನಾನು ಬೇಡ ಅಂದ್ರೆ ಅದಕ್ಕೊಂದು ಗೇಟು."

ಕ್ರೇನಕ್ಕ ಆ ಹೆಂಗಸಿನ ಕೈಯಲ್ಲಿದ್ದ ಫಾರಂನ ಕಟ್ಟನ್ನೇ ನೋಡುತ್ತಿದ್ದಳು.

ವಿಮಾನ ಇಳಿಯಿತು. ಹದಿನಾಲ್ಕು ಕೂಸು ಬಂದು ಗೆರೆಯೊಳಗೆ ಕೂತವು. ಸೊನ್ನೆ ಸಾಹೇಬ ಕೈಸನ್ನೆ ಮಾಡಿದ. ಇಬ್ಬರು ಗುಮಾಸ್ತರು ಗಾಡಿಯ ಪ್ಲಾಸ್ಟಿಕ್ಕನ್ನು ಮದುಮಗಳ ಸೆರಗು ಸರಿಸುವಂತೆ ಮೆಲ್ಲಗೆ ಸರಿಸಿದರು. ಗಾಡಿ ಲಕಲಕ ಹೊಳೆಯಿತು. ಚಪ್ಪಾಳೆ. ಗುಮಾಸ್ತರು ಹಿಡಿ ಹಿಡಿದು ಎಳೆದರು.

ಗಾಡಿ ಬರಲಿಲ್ಲ.

ಮತ್ತೆ ಎಳೆದರು. ಒಂಬತ್ತು ವರ್ಷ ಒಂದೇ ಕಡೆ ಕೂತ ಗಾಲಿಗಳ ರಬ್ಬರು ಚಪ್ಪಟೆಯಾಗಿ ನೆಲಕ್ಕೆ ಅಂಟಿತ್ತು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಬಿಗಿದಿತ್ತು. ಮೂರನೇ ಸಲ ಜಗ್ಗಿದಾಗ ಗಾಡಿ ಹಂದಿ ಕೊಯ್ದಂತೆ ಕಿರುಚಿ, ಗೇಣುದ್ದ ಜರುಗಿ, ನಿಂತಿತು. ಒಬ್ಬ ಗುಮಾಸ್ತ ಕುಂಡೆಯ ಮೇಲೆ ಕೂತ. ಅತಿಥಿಗಳಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು.

ಗಡಿಯಾರ ಓಡುತ್ತಿತ್ತು. ಮೇಸ್ತ್ರಿ ಹಲ್ಲಿನ ಸಂದಿಯಿಂದ ಹೇಳಿದ: "ಎತ್ಕೊಳ್ರೋ. ಎಂದಿನ ಹಾಗೆ. ಬೇಗ."

ಸಣ್ಣಿ ಮೊದಲನೆಯ ಪೆಟ್ಟಿಗೆಯ ಪಕ್ಕದಲ್ಲೇ ಇದ್ದಳು. ಮಾತು ಬಿದ್ದ ಕೂಡಲೇ ಬಗ್ಗುವುದು ಮೈಗೆ ಅಭ್ಯಾಸವಾಗಿತ್ತು. ಬಗ್ಗಿದಳು. ಎರಡೂ ಕೈ ಕೂಸಿನ ಕೆಳಗೆ ಹೋದವು.

"ಸಣ್ಣಿ, ಕೈ ತೆಗಿ."

ಕ್ರೇನಕ್ಕನ ದನಿ ಶೆಡ್ಡಿನ ತಗಡಿಗೆ ತಾಗಿ ವಾಪಸ್ ಬಂತು. ಸಣ್ಣಿ ಹಾಗೇ ಬಗ್ಗಿದವಳು ಅತ್ತಿಗೆಯ ಮುಖ ನೋಡಿದಳು. ಕ್ರೇನಕ್ಕ ಹೋಗಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ನಡೆಸಿಕೊಂಡು ಹೋಗಿ ಹಳದಿ ಗೆರೆಯ ಆಚೆ ನಿಲ್ಲಿಸಿದಳು. ತಾನೂ ಪಕ್ಕದಲ್ಲಿ ನಿಂತಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ಆ ಗೆರೆಗೆ ಮರ್ಯಾದೆ ಕೊಟ್ಟಳು. ಎಷ್ಟು ಸಲ ತಾನೇ ಬಳಿದ ಗೆರೆ! ಆಚೆಯಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿತ್ತು.

ಗೊಣಗಪ್ಪ ಬಂದ. ಏನೂ ಗೊಣಗದೆ ಬಂದ. ಅವನ ಹಿಂದೆ ಉಳಿದ ಎಂಟು ಜನ. ಕೂಸುಗಳು ಅಪ್ಪ ಅಮ್ಮ ಬಿಟ್ಟು ಹೋದಂತೆ ಮೂಲೆಯಲ್ಲಿ ಉಳಿದವು.

ಸೊನ್ನೆ ಸಾಹೇಬ ಹತ್ತಿರ ಬಂದ. ಮುಖದಲ್ಲಿ ಅತಿಥಿಗಳಿಗಾಗಿ ನಗು, ದನಿ ಕೆಳಗೆ. "ಏನಮ್ಮ ಇದು? ಯಾರ ಮುಂದೆ ಯಾವ ನಾಟಕ?"

"ಎತ್ತಲ್ಲ ಸರ್."

"ರೋಗಿಗಳು ಕಾಯ್ತಿದ್ದಾರೆ. ಮನುಷ್ಯತ್ವ ಇಲ್ವಾ?"

ಅದೇ ಹೊತ್ತಿಗೆ ಅವಳ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಗಳು.

"ಅಮ್ಮಾ, ಎಲ್ಲಿ ನಮ್ಮ ಪೆಟ್ಟಿಗೆ? ಇಲ್ಲಿ ಏಳು ಜನ ಬೆಳಿಗ್ಗೆಯಿಂದ ಏನೂ ತಿನ್ನದೆ ಕೂತಿದ್ದಾರೆ. ಡಾಕ್ಟ್ರು ನನ್ನ ಮೇಲೆ ಕೂಗಾಡ್ತಿದ್ದಾರೆ."

ಆ ಏಳು ಜನರ ಮುಖ ಕ್ರೇನಕ್ಕನಿಗೆ ಗೊತ್ತಿಲ್ಲ. ಆದರೆ ಖಾಲಿ ಹೊಟ್ಟೆ ಗೊತ್ತು. "ಗಾಡಿ ಗಾಲಿ ತಿರುಗ್ತಿಲ್ಲ ಕಣೇ," ಎಂದಳು.

ಮಗಳು ಹೇಳಿದಳು: "ಹಾಗಿದ್ರೆ ತಿರುಗಿಸಲಿ. ನೀನು ಅವಚಿಕೋಬೇಡ. ನಾನು ಇವರಿಗೆ ಹೇಳ್ತೀನಿ."

ಫೋನು ಜೇಬಿಗೆ ಹಾಕಿ ಕ್ರೇನಕ್ಕ ಸೊನ್ನೆ ಸಾಹೇಬನನ್ನು ನೋಡಿದಳು. ಈಗ ದನಿ ತಗ್ಗಿಸಲಿಲ್ಲ.

"ರೋಗಿಗಳು ಕಾಯ್ತಿದ್ದಾರೆ, ನಿಜ. ಇಲ್ಲಿ ಕಿರಣ ಸೊನ್ನೆ. ಬೋರ್ಡಲ್ಲೇ ಇದೆ. ಸೊನ್ನೆ ತಾನೇ ಸರ್? ನೀವೇ ಎತ್ಕೊಳ್ಳಿ."

ಅವನ ಕಣ್ಣು ಅತಿಥಿಗಳ ಕಡೆ ಹೋಯಿತು.

"ಭಾರ ಅಂತ ಹೆದರಬೇಡಿ. ನಾನು ಹೇಳಿಕೊಡ್ತೀನಿ. ಹೀಗೆ ಎದೆಗೆ ತಂದುಕೊಳ್ಳಬೇಕು. ಹೊಟ್ಟೆ ಮೇಲೆ ಕೂರಿಸ್ಕೋಬೇಕು. ಸ್ವಲ್ಪ ಹಿಂದಕ್ಕೆ ಬಾಗಬೇಕು. ಸ್ವಂತ ಮಗುನ ಎತ್ಕೊಳ್ಳೋದಿಲ್ವಾ, ಹಾಗೆ. ಹದಿನಾಲ್ಕೂ ಬೇಡ, ಒಂದು ಎತ್ಕೊಳ್ಳಿ ಸಾಕು. ಮಿಕ್ಕ ಹದಿಮೂರು ನಾನೊಬ್ಬಳೇ ಎತ್ತಿ ಕೊಡ್ತೀನಿ."

ದುಭಾಷಿ ಹುಡುಗಿ ಅಷ್ಟನ್ನೂ ಅತಿಥಿಗಳಿಗೆ ಹೇಳಿಬಿಟ್ಟಿದ್ದಳು. ಹನ್ನೆರಡು ದೇಶಗಳು ಸೊನ್ನೆ ಸಾಹೇಬನ ಕಾಲು ನೋಡುತ್ತಿದ್ದವು. ಅವನು ಗೆರೆಯ ಆಚೆಯೇ ಇದ್ದ. ಅವನ ಬಲಗಾಲು ಮೇಲೆದ್ದಿತು. ಹಿಂದಕ್ಕೆ ಹೋಯಿತು.

ಒಂದೇ ಒಂದು ಹೆಜ್ಜೆ. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಬಿಳಿಕೂದಲ ಹೆಂಗಸು ಎದ್ದು ಬಂದಳು. ದುಭಾಷಿ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದಳು. ಆ ಹುಡುಗಿಯ ಪಠ್ಯಪುಸ್ತಕ ಎಲ್ಲೋ ಬಿದ್ದು ಹೋಗಿತ್ತು. "ಅಕ್ಕಾ, ಇವರು ಕೇಳ್ತಿದ್ದಾರೆ, ಇದು ನಿರಾಕರಣೆನಾ ಅಂತ. ಹೌದು ಅಂದ್ರೆ ಫಾರಂ ತುಂಬಬೇಕಂತೆ."

"ಹೌದು. ತುಂಬಲಿ."

"ಮೇಡಂ, ಇದು ನಮ್ಮ ಒಳಗಿನ ವಿಷಯ, ಇವರು ಬರೀ ಹಮಾಲರು..." ಮೇಸ್ತ್ರಿ ನುಗ್ಗಿದ. ಹೆಂಗಸು ಅವನ ಕಡೆ ಪೆನ್ನು ತೋರಿಸಿದಳು, ನೊಣಕ್ಕೆ ತೋರಿಸುವ ಹಾಗೆ. ಅವನು ನಿಂತ.

"ನಿರಾಕರಿಸಿದವರು ಯಾರು ಅಂತ ಇದೆ," ಎಂದಳು ದುಭಾಷಿ. "ವಿಮಾನ ಕಂಪನಿ, ಹಡಗು ಕಂಪನಿ, ಬಂದರು, ಇತರೆ. ಹಮಾಲಿ ಅಂತ ಇಲ್ಲ."

"ಇರಲ್ಲ. ಇತರೆಗೆ ಗುರುತು ಹಾಕಿ. ಪಕ್ಕದಲ್ಲಿ ಹಮಾಲರು ಅಂತ ಬರೀರಿ. ಹನ್ನೊಂದು ಜನ."

"ಕಾರಣ?"

ಕ್ರೇನಕ್ಕ ಎದೆಯ ಬ್ಯಾಡ್ಜು ಮುಟ್ಟಿದಳು. "ಇಂಥವು ಒಂಬತ್ತು ವರ್ಷ ಕಪಾಟಲ್ಲಿದ್ವು. ಸೊನ್ನೆ ಬಂತು. ಇಂಥದ್ದೊಂದು ಮೂರು ತಿಂಗಳು ನನ್ನ ಮೈಮೇಲಿತ್ತು. ಮೂರು ಪಾಯಿಂಟ್ ಎಂಟು ಬಂತು. ಸಾಹೇಬರ ಮೇಜಿನ ಮೇಲೆ ವರದಿ ಇದೆ, ನೋಡಲಿ. ಇವಳು ನಮ್ಮ ನಾದಿನಿ, ಬಸುರಿ. ಹೋದ ಸಲದ್ದು ಇದೇ 'ಸೊನ್ನೆ'ಯಲ್ಲಿ ಹೋಯ್ತು. ಯಾಕೆ ಹೋಯ್ತು ಅಂತ ನನಗೆ ಗೊತ್ತಿಲ್ಲ. ಗೊತ್ತಾಗೋ ದಾರಿಗೇ ಬೀಗ ಹಾಕಿದ್ರು. ಅದೇ ಕಾರಣ."

ಹೆಂಗಸು ಬರೆದಳು. ಬಹಳ ಹೊತ್ತು ಬರೆದಳು. ಒಂದು ಕಡೆ ಪೆನ್ನು ನಿಲ್ಲಿಸಿ ಸಣ್ಣಿಯ ಮುಖ ನೋಡಿ ಮತ್ತೆ ಬರೆದಳು.

"ಕೊನೇ ಪ್ರಶ್ನೆ. ನಿರಾಕರಣೆ ಎಷ್ಟು ಕಾಲ ಇರುತ್ತೆ ಅಂತ."

"ಇವಳನ್ನ ಇವತ್ತೇ ಬೇರೆ ಕಡೆ ಕೂರಿಸೋ ತನಕ. ಬ್ಯಾಡ್ಜು ಕಪಾಟಿಗೆ ಹೋಗೋದು ನಿಲ್ಲೋ ತನಕ. ಆ ಗಾಡಿ ಗಾಲಿ ತಿರುಗೋ ತನಕ." ಆಮೇಲೆ ಸೇರಿಸಿದಳು: "ಗಾಲಿದು ಬೇಗ ಆಗಲಿ. ಅಲ್ಲಿ ಏಳು ಜನ ಹಸಿದು ಕೂತಿದ್ದಾರೆ."

ಗೊಣಗಪ್ಪ ವಿಮಾನದ ಸಾಮಾನು ಎಳೆಯುವ ಟ್ರ್ಯಾಕ್ಟರಿನವನಿಂದ ಗ್ರೀಸಿನ ಡಬ್ಬಿ ಇಸಿದುಕೊಂಡು ತಂದ. ತಂದು ಗಾಡಿಯ ಪಕ್ಕದಲ್ಲಿ ಇಟ್ಟ. ಇಟ್ಟು ಗೆರೆಯ ಆಚೆ ಬಂದು ನಿಂತ. ಯಾರು ಹಚ್ಚಬೇಕು? ಗುಮಾಸ್ತರು ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಬಗ್ಗಲು ನೋಡಿದ, ಹೊಟ್ಟೆ ಒಪ್ಪಲಿಲ್ಲ. ಬಿಳಿಕೂದಲ ಹೆಂಗಸು ಗಡಿಯಾರ ನೋಡಿದಳು.

ಸೊನ್ನೆ ಸಾಹೇಬ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಮಂಡಿಯೂರಿ ಕೂತ. ಒಂದು ಗಾಲಿ. ಎರಡು ಗಾಲಿ. ಬೆರಳಿಂದ ಗ್ರೀಸು ತೆಗೆದು ಒಳಗೆ ತುರುಕಿ, ತುಕ್ಕು ಕೆರೆದು, ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ. ಮೂರನೆಯದು ಮೊಂಡು ಹಿಡಿಯಿತು. ಅವನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಹಮಾಲರಿಗೆ ಆ ಸ್ಥಿತಿ ಚೆನ್ನಾಗಿ ಗೊತ್ತಿತ್ತು. ಯಾರೂ ನಗಲಿಲ್ಲ. ಗೊಣಗಪ್ಪ ಮಾತ್ರ, "ಎಡಕ್ಕೆ ಒತ್ತಿ ಸರ್, ಎಡಕ್ಕೆ," ಎಂದು ಸಲಹೆ ಕೊಟ್ಟ.

ನಾಲ್ಕನೇ ಗಾಲಿ ತಿರುಗಿತು.

ಅಷ್ಟರಲ್ಲಿ ಸಣ್ಣಿಯನ್ನು ಗೇಟಿನ ಪಕ್ಕದ ಚೀಟಿ ಬರೆಯುವ ಮೇಜಿನ ಹಿಂದೆ ಕೂರಿಸಿದ್ದರು. ಅವಳಿಗೆ ಆ ಕುರ್ಚಿ ಹೊಸದು, ಅಂಚಿನಲ್ಲಷ್ಟೇ ಕೂತಿದ್ದಳು. ಕ್ರೇನಕ್ಕ ದೂರದಿಂದಲೇ ಕೈಯಾಡಿಸಿದಳು: ಹಿಂದಕ್ಕೆ ಒರಗು.

ಸೊನ್ನೆ ಸಾಹೇಬ ಎದ್ದ. ಮೊಣಕೈ ತನಕ ಕಪ್ಪು. ಕೈ ಒರೆಸಲು ಆಚೀಚೆ ಹುಡುಕಿದ. ಬ್ಯಾನರು ಮತ್ತು ಹೂಕುಂಡ ಬಿಟ್ಟರೆ ಏನೂ ಇರಲಿಲ್ಲ. ಕ್ರೇನಕ್ಕ ಜೇಬಿನಿಂದ ನಾಲ್ಕು ಮಡಿಕೆಯ, ಸಹಿಯಿಲ್ಲದ ಆ ಹಾಳೆ ತೆಗೆದು ಬಿಡಿಸಿ ಅವನ ಮುಂದೆ ಹಿಡಿದಳು.

"ತಗೊಳ್ಳಿ ಸರ್. ಓದಿದೆ. ಇದಕ್ಕಾದ್ರೂ ಆಗುತ್ತೆ."

ಅವನು ಹಾಳೆಯನ್ನು ನೋಡಿದ. ಅವಳನ್ನು ನೋಡಿದ. ಒರೆಸಿಕೊಂಡ.

ಹಮಾಲರು ಗೆರೆ ದಾಟಿದರು. ಇಬ್ಬಿಬ್ಬರು ಹಿಡಿದು ಒಂದೊಂದೇ ಕೂಸನ್ನು ಗಾಡಿಗೆ ಇಟ್ಟರು, ಎದೆಗೆ ತಾಗದ ಹಾಗೆ. ಕ್ರೇನಕ್ಕ ಉದ್ದ ಹಿಡಿಯ ತುದಿ ಹಿಡಿದು ಎಳೆದಳು. ಗಾಡಿ ಕುಂಟುತ್ತ, ಚಪ್ಪಟೆ ಗಾಲಿ ಟಪ್ ಟಪ್ ಬಡಿಯುತ್ತ, ಬಂತು. ಅವಳಿಗೂ ಪೆಟ್ಟಿಗೆಗೂ ನಡುವೆ ಒಂದು ಆಳಿನಷ್ಟು ದೂರ. ಹೊಟ್ಟೆಯ ಮೇಲೆ ಭಾರವಿಲ್ಲದೆ ನಡೆಯುವುದು ಅವಳಿಗೆ ವಿಚಿತ್ರವೆನಿಸಿತು. ಅಭ್ಯಾಸಕ್ಕೆ ಮೈ ಹಿಂದಕ್ಕೆ ಬಾಗುತ್ತಲೇ ಇತ್ತು.

ಲಾರಿ ಹೊರಟ ಮೇಲೆ ಮೇಸ್ತ್ರಿ ಅವಳ ಹಿಂದೆ ಬಂದು ನಿಂತ. ಅತಿಥಿಗಳು ಚಹಾ ಕುಡಿಯಲು ಹೋಗಿದ್ದರು.

"ದೊಡ್ಡ ಮನುಷ್ಯಳಾದೆ ಅಂದ್ಕೊಂಡ್ಯಾ? ಇವರು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ಆಮೇಲೆ ನೀನಿದ್ದೀಯ, ನಾನಿದ್ದೀನಿ. ಗೇಟಿಗೆ ಎಷ್ಟು ದೂರ ಅಂತ ಗೊತ್ತಲ್ಲ? ಬ್ಯಾಡ್ಜು ಬಿಚ್ಚು, ಕೊಡು."

ಕ್ರೇನಕ್ಕ ಬಿಚ್ಚಲಿಲ್ಲ. ಗಾಡಿಯ ಪ್ಲಾಸ್ಟಿಕ್ಕು ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಂಡು ನೀಟಾಗಿ ಮಡಚಿ ಅವನ ಕೈಗಿಟ್ಟಳು.

"ಶುಕ್ರವಾರ ಹದಿನೆಂಟು ಕೂಸು ಬರುತ್ತೆ ಮೇಸ್ತ್ರಿ," ಎಂದಳು. "ನೀನು ಎಷ್ಟು ಎತ್ಕೊಳ್ತೀಯ, ಈಗಲೇ ಹೇಳಿಬಿಡು."

ಮೇಸ್ತ್ರಿ ಪ್ಲಾಸ್ಟಿಕ್ಕು ಹಿಡಿದುಕೊಂಡು ನಿಂತ. ಅವನ ಕಣ್ಣು ತನ್ನ ಕಾಲ ಬಳಿಗೆ ಹೋಯಿತು. ಅವನು ಗೆರೆಯ ಒಳಗಿದ್ದ. ಪೆಟ್ಟಿಗೆಗಳು ಹೋಗಿ ಕಾಲು ಗಂಟೆಯಾಗಿತ್ತು, ಮೂಲೆ ಖಾಲಿ ಇತ್ತು. ಆದರೂ ಅವನು ಜಿಗಿದು ಆಚೆ ಬಂದ.